‘ಹೃದಯ’ ಪದದೊಳಗೇ ರಕ್ತ ಪರಿಚಲನೆಯ ರಹಸ್ಯ ಇದೆಯೇ? ಬಿಣಗಾದ ‘ಹರ್ದೆಂ’ ಮತ್ತು ಸ್ವೀಡನ್ನಿನ ‘ಯೆಟ್ಟಾ’ ಹೇಳುವುದೇನು

‘ಹೃ’ ಎಂದರೆ ಹರಣ, ಅಂದರೆ ದೇಹದಿಂದ ರಕ್ತವನ್ನು ತೆಗೆದುಕೊಳ್ಳುವುದು. ‘ದ’ ಎಂದರೆ ದಾನ, ಅದನ್ನು ಮರಳಿ ಕೊಡುವುದು. ‘ಯ’ ಎಂದರೆ ಚಲನೆ, ಅದನ್ನು ಸುತ್ತಿಸುವುದು. ಹೀಗೆ ಒಂದೇ ಪದದಲ್ಲಿ ನಮ್ಮ ಪೂರ್ವಿಕರು ರಕ್ತ ಪರಿಚಲನೆಯನ್ನು ಹೇಳಿ ಮುಗಿಸಿದ್ದರು, ವಿಲಿಯಂ ಹಾರ್ವೆ ಅದನ್ನು ‘ಕಂಡುಹಿಡಿದದ್ದು’ 1628ರಲ್ಲಿ, ಇಂಗ್ಲಿಷಿನ ‘ಹಾರ್ಟ್’ ಕೂಡ ನಮ್ಮ ಹೃದಯದಿಂದಲೇ ಹುಟ್ಟಿದ್ದು.

ಈ ಧಾಟಿಯ ಸಂದೇಶ ನಿಮ್ಮ ಫೋನಿಗೂ ಬಂದಿರಬಹುದು. ಕೆಲವೊಮ್ಮೆ ಒಂದು ಚಿತ್ರದ ಮೇಲೆ ಬರೆದಿರುತ್ತಾರೆ, ಕೆಲವೊಮ್ಮೆ ಯಾರದೋ ಭಾಷಣದ ತುಣುಕಾಗಿ ಬರುತ್ತದೆ. ಓದಿದವರಿಗೆ ಖುಷಿಯಾಗುತ್ತದೆ, ಹತ್ತು ಜನರಿಗೆ ಕಳುಹಿಸುತ್ತಾರೆ. ಇದರಲ್ಲಿ ಕೆಡುಕೇನು ಎಂದು ನೀವು ಕೇಳಬಹುದು. ಕೆಡುಕು ಎರಡು ಕಡೆ ಇದೆ. ಒಂದು, ಪದವನ್ನು ಒಡೆದು ವಿಜ್ಞಾನ ಹುಡುಕುವ ಅಭ್ಯಾಸ ಅಲ್ಲಿಗೇ ನಿಲ್ಲುವುದಿಲ್ಲ. ಇಂಥ ಸಂದೇಶಗಳ ಬಾಲದಲ್ಲಿ ಆಗಾಗ ಹೃದಯದ ಬ್ಲಾಕೇಜ್ ಕರಗಿಸುವ ಕಷಾಯವೋ, ಆಂಜಿಯೋಗ್ರಾಂ ಬೇಡವೆನ್ನುವ ಸಲಹೆಯೋ ಅಂಟಿಕೊಂಡು ಬರುತ್ತದೆ. ಎರಡು, ಆ ಪದದ ನಿಜವಾದ ಚರಿತ್ರೆ ಈ ಸಂದೇಶಕ್ಕಿಂತ ಎಷ್ಟೋ ಸ್ವಾರಸ್ಯಕರವಾಗಿದೆ, ಅದು ಯಾರ ಫೋನಿಗೂ ಬರುವುದಿಲ್ಲ.

ಆ ಚರಿತ್ರೆಯನ್ನು ನೋಡಲು ನಾವು ಆರಿಸಿಕೊಂಡಿರುವ ಜಾಗ ಉತ್ತರ ಕನ್ನಡದ ಬಿಣಗಾ. ಕಾರಣ ಮುಂದೆ ತಿಳಿಯುತ್ತದೆ.

ಒಂದೇ ಬೀದಿ, ಎರಡು ಮನೆತನ

ಕಾರವಾರದಿಂದ ಅಂಕೋಲಾ ಕಡೆಗೆ ಹೆದ್ದಾರಿ 66ರಲ್ಲಿ ಹೊರಟರೆ ಮೊದಲೇ ಸಿಗುವ ಊರುಗಳಲ್ಲಿ ಬಿಣಗಾ ಒಂದು. ಒಂದು ಕಡೆ ಕಡಲು, ಇನ್ನೊಂದು ಕಡೆ ಗುಡ್ಡ, ಪಕ್ಕದಲ್ಲೇ ಅರಗಾದ ನೌಕಾನೆಲೆ. ಇಲ್ಲಿ ಒಂದು ಮನೆಯ ಮಾತು ಕೊಂಕಣಿಯಾದರೆ ಪಕ್ಕದ ಮನೆಯದು ಕನ್ನಡ. ಅಂಕೋಲಾ ಕಡೆಗೆ ಹೋದಂತೆ ನಾಡವರ, ಹಾಲಕ್ಕಿ ಒಕ್ಕಲಿಗರ ಕನ್ನಡ ಕಿವಿಗೆ ಬೀಳುತ್ತದೆ. ಹೆಚ್ಚಿನವರಿಗೆ ಎರಡೂ ಭಾಷೆ ಬರುತ್ತದೆ, ಸಂತೆಯಲ್ಲಿ ಒಂದರಿಂದ ಇನ್ನೊಂದಕ್ಕೆ ಹಾರುವುದು ಅವರ ಗಮನಕ್ಕೂ ಬರುವುದಿಲ್ಲ.

ಈಗ ದೇಹದ ಅಂಗಗಳ ಹೆಸರನ್ನಷ್ಟೇ ನೋಡಿ. ಕನ್ನಡದ ಮನೆಯಲ್ಲಿ ಹಲ್ಲು, ಕೊಂಕಣಿ ಮನೆಯಲ್ಲಿ ದಾಂತ. ಕನ್ನಡದಲ್ಲಿ ಕೈ, ಕೊಂಕಣಿಯಲ್ಲಿ ಹಾತ. ಕಾಲಿಗೆ ಪಾಯ, ನಾಲಿಗೆಗೆ ಜೀಬ, ಕಿವಿಗೆ ಕಾನ. ಎರಡು ಮನೆಗಳ ನಡುವೆ ಒಂದು ಬೇಲಿಯಷ್ಟೇ ಅಂತರ. ಆದರೆ ಪದಗಳ ಹುಟ್ಟು ನೋಡಿದರೆ ಅಂತರ ಬಹಳ ದೊಡ್ಡದು. ಕನ್ನಡದ ಹಲ್ಲು ಹಳಗನ್ನಡದಲ್ಲಿ ‘ಪಲ್’ ಆಗಿತ್ತು. ತಮಿಳಿನಲ್ಲಿ ಇಂದಿಗೂ ‘ಪಲ್’, ತೆಲುಗಿನಲ್ಲಿ ‘ಪಲ್ಲು’, ದೂರದ ಜಾರ್ಖಂಡದಲ್ಲಿ ಕುರುಖ್ ಆಡುವವರ ಬಾಯಲ್ಲೂ ‘ಪಲ್ಲ್’. ಇದು ದ್ರಾವಿಡ ಮನೆತನ. ಕೊಂಕಣಿಯ ದಾಂತ ಸಂಸ್ಕೃತದ ‘ದಂತ’ದ ಕಡೆಯದು. ಪರ್ಷಿಯನ್ನಿನ ‘ದಂದಾನ್’, ಲ್ಯಾಟಿನ್ನಿನ ‘ದೆನ್ಸ್’, ಲಿಥುವೇನಿಯಾದ ‘ದಾಂತಿಸ್’, ಸ್ವೀಡನ್ನಿನ ‘ತಂದ್’ ಎಲ್ಲವೂ ಅದೇ ಇಂಡೋ-ಯುರೋಪಿಯನ್ ಮನೆತನದವು.

ಅಂದರೆ ಬಿಣಗಾದ ಒಂದು ಮನೆಯ ಹಲ್ಲಿಗೆ ನೆಂಟರು ಚೆನ್ನೈ, ರಾಂಚಿಯಲ್ಲಿದ್ದಾರೆ, ಪಕ್ಕದ ಮನೆಯ ದಾಂತಕ್ಕೆ ನೆಂಟರು ಟೆಹರಾನ್, ಸ್ಟಾಕ್‌ಹೋಮ್‌ನಲ್ಲಿದ್ದಾರೆ. ಇಲ್ಲೊಂದು ಎಚ್ಚರ. ಇದು ಪದಗಳ ನೆಂಟಸ್ತನ, ಆಡುವವರ ರಕ್ತಸಂಬಂಧ ಅಲ್ಲ. ಭಾಷೆ ಕಲಿಯಬಹುದು, ಬದಲಾಯಿಸಬಹುದು, ತಲೆಮಾರುಗಳಲ್ಲಿ ಬಿಟ್ಟುಬಿಡಲೂಬಹುದು. ಪದದ ನೆಂಟಸ್ತನ ತೋರಿಸಿ ‘ಇವರು ಹೊರಗಿನವರು, ಅವರು ಒಳಗಿನವರು’ ಎನ್ನುವ ಸಂದೇಶಗಳೂ ಇವೆ. ಅವನ್ನು ಅಲ್ಲಿಯೇ ಅಳಿಸಿಬಿಡಿ.

ನೆಂಟಸ್ತನವನ್ನು ಕಂಡುಹಿಡಿಯುವುದು ಹೇಗೆ?

ಕೇಳಲು ಒಂದೇ ಥರ ಇದ್ದರೆ ನೆಂಟರು ಎಂಬುದು ಎಲ್ಲರ ಮೊದಲ ಊಹೆ. ಈ ಊಹೆ ಕೈಕೊಡುವುದೇ ಹೆಚ್ಚು.

ಸ್ವೀಡಿಷ್‌ನಲ್ಲಿ ಮೂಳೆಗೆ ‘ಬೇನ್’ ಎನ್ನುತ್ತಾರೆ, ಕಾಲಿಗೂ ಅದೇ ಪದ. ನಮ್ಮಲ್ಲಿ ‘ಬೆನ್ನು’ ಇದೆ, ಅದರೊಳಗೆ ಬೆನ್ನುಮೂಳೆ ಇದೆ. ಅರ್ಥವೂ ಹತ್ತಿರ, ಸದ್ದೂ ಹತ್ತಿರ. ‘ಸ್ವೀಡನ್ನಿಗೂ ಮೂಳೆ ಕೊಟ್ಟದ್ದು ಕನ್ನಡ’ ಎಂದು ನಾಳೆಯೇ ಒಂದು ಫಾರ್ವರ್ಡ್ ಶುರುವಾದರೆ ನಮಗೆ ಆಶ್ಚರ್ಯವಿಲ್ಲ. ಆದರೆ ಎರಡೂ ಪದಗಳನ್ನು ಹಿಂದಕ್ಕೆ ನಡೆಸಿ ನೋಡಿ. ಬೆನ್ನಿನ ‘ಬ’ ಮೊದಲು ‘ವ’ ಆಗಿತ್ತು, ತೆಲುಗಿನಲ್ಲಿ ಅದು ಇನ್ನೂ ‘ವೆನ್ನು’. ತಮಿಳರು ‘ವಾ’ ಎಂದರೆ ನಾವು ‘ಬಾ’, ಅವರ ‘ವಿರಲ್’ ನಮ್ಮ ‘ಬೆರಳು’, ಅವರ ‘ವಾಯ್’ ನಮ್ಮ ‘ಬಾಯಿ’. ಸ್ವೀಡನ್ನಿನ ಬೇನ್‌ಗೆ ಅಂಥ ಹಿನ್ನೆಲೆ ಇಲ್ಲ. ಅದು ಜರ್ಮನ್ನಿನ ‘ಬೈನ್’, ಇಂಗ್ಲಿಷಿನ ‘ಬೋನ್’ ಜೊತೆಗೆ ಹಳೆಯ ಜರ್ಮಾನಿಕ್ ಪದವೊಂದರಿಂದ ಬಂದದ್ದು, ಅಲ್ಲಿಯೂ ಮೊದಲಕ್ಷರ ‘ಬ’ವೇ. ಹಿಂದೆ ಹೋದಷ್ಟೂ ಎರಡೂ ದೂರವಾಗುತ್ತವೆ. ಇಂದಿನ ಹೋಲಿಕೆ ಬರೀ ಕಾಕತಾಳೀಯ.

ಇನ್ನೂ ಮೋಸದ ಜೋಡಿ ಕೈಯದು. ಸಂಸ್ಕೃತದ ಹಸ್ತ, ಕೊಂಕಣಿಯ ಹಾತ, ಸ್ವೀಡಿಷ್‌ನ ‘ಹಂದ್’, ಇಂಗ್ಲಿಷಿನ ‘ಹ್ಯಾಂಡ್’. ಎಲ್ಲಕ್ಕೂ ‘ಹ’ ಮೊದಲು, ಅರ್ಥವೂ ಒಂದೇ, ಭಾಷೆಗಳೂ ಒಂದೇ ಮನೆತನದವು. ಆದರೂ ಹಸ್ತಕ್ಕೂ ಹಂದ್‌ಗೂ ಸಂಬಂಧವಿಲ್ಲ. ಇದು ಹೇಗೆ ಗೊತ್ತಾಗುತ್ತದೆ ಎಂಬುದೇ ಇಡೀ ವಿಷಯದ ಕೀಲಿಕೈ.

ಭಾಷೆಯಲ್ಲಿ ಧ್ವನಿಗಳು ಬೇಕಾಬಿಟ್ಟಿ ಬದಲಾಗುವುದಿಲ್ಲ, ಸಾಲಾಗಿ ಬದಲಾಗುತ್ತವೆ. ಹಳಗನ್ನಡದ ‘ಪ’ ನಡುಗನ್ನಡಕ್ಕೆ ಬರುವಾಗ ‘ಹ’ ಆಯಿತು. ಪಲ್ ಹಲ್ಲಾಯಿತು, ಪುಲಿ ಹುಲಿಯಾಯಿತು, ಪಾಲು ಹಾಲಾಯಿತು, ಪುರ್ಬು ಹುಬ್ಬಾಯಿತು. ಒಂದು ಪದಕ್ಕೆ ಒಂದು ನ್ಯಾಯ, ಇನ್ನೊಂದಕ್ಕೆ ಇನ್ನೊಂದು ಎಂಬುದಿಲ್ಲ. ಯುರೋಪಿನ ಉತ್ತರದ ಭಾಷೆಗಳಲ್ಲೂ ಇಂಥದ್ದೇ ಸಾಲು ಬದಲಾವಣೆ ಬಹಳ ಹಿಂದೆ ನಡೆದಿತ್ತು. ಡೆನ್ಮಾರ್ಕಿನ ರಾಸ್ಮುಸ್ ರಾಸ್ಕ್ 1818ರಲ್ಲಿ, ಜರ್ಮನಿಯ ಯಾಕೊಬ್ ಗ್ರಿಮ್ 1822ರಲ್ಲಿ ಅದನ್ನು ಬರೆದಿಟ್ಟರು. ಹೌದು, ಮಕ್ಕಳ ಕಥೆಗಳ ಗ್ರಿಮ್ ಸಹೋದರರಲ್ಲಿ ಹಿರಿಯವನೇ ಈ ಗ್ರಿಮ್. ಹಳೆಯ ‘ಪ’ ಆ ಕಡೆ ‘ಫ’ ಆಯಿತು: ಸಂಸ್ಕೃತದ ಪಂಚ, ಸ್ವೀಡಿಷ್‌ನಲ್ಲಿ ‘ಫೆಮ್’. ಹಳೆಯ ‘ದ’ ಅಲ್ಲಿ ‘ತ’ ಆಯಿತು: ದಂತ ಮತ್ತು ‘ತಂದ್’. ಎರಡೂ ಸೇರಿದ್ದು ಪಾದದಲ್ಲಿ, ಸ್ವೀಡಿಷ್‌ನ ‘ಫೂತ್’. ಬಿಣಗಾದ ಪಾಯಕ್ಕೂ ಸ್ವೀಡನ್ನಿನ ಫೂತ್‌ಗೂ ಇಂದು ಒಂದು ಅಕ್ಷರದ ಹೋಲಿಕೆಯೂ ಇಲ್ಲ, ಆದರೆ ಎರಡೂ ಒಂದೇ ಅಜ್ಜಿಯ ಮೊಮ್ಮಕ್ಕಳು.

ಹಸ್ತದ ವಿಷಯಕ್ಕೆ ಬರೋಣ. ಸಂಸ್ಕೃತದಲ್ಲಿ ಪದದ ಮೊದಲಿಗೆ ಈ ಬಗೆಯ ‘ಹ’ ಇದ್ದರೆ ಸ್ವೀಡಿಷ್‌ನಲ್ಲಿ ‘ಗ’ ಸಿಗಬೇಕು. ಹಂಸಕ್ಕೆ ಅಲ್ಲಿ ‘ಗೋಸ್’, ಇಂಗ್ಲಿಷಿನಲ್ಲಿ ‘ಗೂಸ್’. ಹಾಗಾಗಿ ಹಸ್ತಕ್ಕೆ ಅಲ್ಲಿ ನೆಂಟನಿದ್ದರೆ ಅವನು ‘ಗ’ದಿಂದ ಶುರುವಾಗಬೇಕಿತ್ತು, ‘ಹಂದ್’ ಆಗಲು ಸಾಧ್ಯವಿಲ್ಲ. ಹಸ್ತದ ನಿಜವಾದ ನೆಂಟ ಪರ್ಷಿಯನ್ನಿನ ‘ದಸ್ತ್’. ಅವನು ಬಿಣಗಾಕ್ಕೂ ಬಂದಿದ್ದಾನೆ, ಕಂದಾಯ ಕಚೇರಿಯ ಮೂಲಕ. ದಸ್ತಾವೇಜು ಎಂಬ ಪದದಲ್ಲಿರುವುದು ಅವನೇ. ದಸ್ಕತ್ತು ಎಂದರೆ ದಸ್ತ್ ಮತ್ತು ಖತ್, ಕೈಬರಹ. ನಾವು ಹಸ್ತಾಕ್ಷರ ಎಂದು ಕಟ್ಟಿಕೊಂಡದ್ದೂ ಅದೇ ಅಚ್ಚಿನಲ್ಲಿ.

ಈಗ ಹೃದಯಕ್ಕೆ

ಸ್ವೀಡಿಷ್‌ನಲ್ಲಿ ಹೃದಯಕ್ಕಿರುವ ಪದವನ್ನು ಅಕ್ಷರ ಅಕ್ಷರವಾಗಿ ಓದಿದರೆ ‘ಹ್ಯೆರ್ತಾ’. ಆದರೆ ಸ್ಟಾಕ್‌ಹೋಮ್‌ನವರ ಬಾಯಲ್ಲಿ ಮೊದಲಿನ ‘ಹ’ ಕೇಳಿಸುವುದೇ ಇಲ್ಲ, ‘ರ್ತ’ ಎರಡೂ ಬೆರೆತು ನಮ್ಮ ‘ಟ’ದಂತೆ ಕೇಳುತ್ತದೆ. ಒಟ್ಟಿನಲ್ಲಿ ‘ಯೆಟ್ಟಾ’ ಎಂದಂತೆ. ಇದು ಹೃದಯದ ನೆಂಟ ಎಂದರೆ ಕಿವಿ ನಂಬುವುದಿಲ್ಲ. ಸ್ಪೆಲಿಂಗ್ ಮಾತ್ರ ಹಳೆಯ ನೆನಪನ್ನು ಇಟ್ಟುಕೊಂಡಿದೆ.

ನಿಯಮಗಳನ್ನು ಹಿಂದಕ್ಕೆ ತಿರುಗಿಸಿ. ಸ್ವೀಡಿಷ್‌ನ ‘ತ’ ಹಿಂದೆ ‘ದ’ ಆಗಿತ್ತು, ದಂತ ಮತ್ತು ತಂದ್‌ನಲ್ಲಿ ನೋಡಿದಂತೆ. ಅಲ್ಲಿನ ‘ಹ’ ಹಿಂದೆ ‘ಕ’ ಆಗಿತ್ತು. ಹಾಗಾದರೆ ಹ್ಯೆರ್ತಾದ ಹಿಂದಿನ ರೂಪ ಕ-ರ-ದ ಎಂಬಂತೆ ಇರಬೇಕು. ಗ್ರೀಕ್ ಭಾಷೆಯಲ್ಲಿ ಹೃದಯಕ್ಕೆ ‘ಕಾರ್ದಿಯಾ’. ನಿಮ್ಮೂರ ಕಾರ್ಡಿಯಾಲಜಿಸ್ಟ್ ಬೋರ್ಡಿನಲ್ಲಿರುವುದು ಇದೇ. ಲ್ಯಾಟಿನ್ನಿನಲ್ಲಿ ‘ಕೋರ್’, ವಿಭಕ್ತಿ ಸೇರಿದರೆ ‘ಕೋರ್ದಿಸ್’. ಇಂದಿನ ತುರ್ಕಿಯ ನೆಲದಲ್ಲಿ ಸಿಕ್ಕ, ಮೂರು ಸಾವಿರ ವರ್ಷಕ್ಕೂ ಹಿಂದಿನ ಹಿಟ್ಟೈಟ್ ಮಣ್ಣಿನ ಫಲಕಗಳಲ್ಲಿ ‘ಕರ್ದ್’. ಲೆಕ್ಕ ಸರಿಹೋಯಿತು. ಲಿಥುವೇನಿಯಾದ ‘ಶಿರ್ದಿಸ್’, ರಷ್ಯನ್ನಿನ ‘ಸೇರ್ದ್ಸೆ’ ಕೂಡ ಇದೇ ಬಳಗ, ಆ ಕಡೆಯ ಭಾಷೆಗಳಲ್ಲಿ ಈ ಬಗೆಯ ಹಳೆಯ ‘ಕ’ ಸಕಾರ-ಶಕಾರಗಳ ಕಡೆ ಹೊರಳಿದೆ.

ಸಂಸ್ಕೃತದಲ್ಲೂ ಹಾಗೆಯೇ ಆಗಬೇಕಿತ್ತು. ನೂರಕ್ಕೆ ಸಂಸ್ಕೃತದಲ್ಲಿ ಶತ, ಸ್ವೀಡಿಷ್‌ನಲ್ಲಿ ‘ಹುಂದ್ರಾ’. ನಾಯಿಗೆ ಶ್ವನ್, ಅಲ್ಲಿ ‘ಹುಂದ್’. ಇದೇ ಲೆಕ್ಕದಲ್ಲಿ ಹ್ಯೆರ್ತಾಕ್ಕೆ ಸಂಸ್ಕೃತದ ಜೋಡಿ ‘ಶೃದ್’ ಎಂದಿರಬೇಕಿತ್ತು, ಆದರೆ ಸಿಗುವುದು ‘ಹೃದ್’. ಇದು ನಿಯಮಕ್ಕೆ ಹೊರತಾದ ಒಂದು ಅಡ್ಡದಾರಿ, ಭಾಷಾಶಾಸ್ತ್ರಜ್ಞರು ಇದನ್ನು ಮುಚ್ಚಿಡುವುದಿಲ್ಲ. ಇರಾನಿನ ಹಳೆಯ ಭಾಷೆಯಲ್ಲೂ ಇದೇ ಅಡ್ಡದಾರಿ ಕಾಣುವುದರಿಂದ, ಸಂಸ್ಕೃತದ ಕಡೆಯವರೂ ಇರಾನಿನ ಕಡೆಯವರೂ ಬೇರೆಯಾಗುವ ಮೊದಲೇ ಇದು ನಡೆದಿತ್ತು. ಇರಾನಿನ ಆ ಪದ ಮುಂದೆ ಸವೆದು ಸವೆದು ಏನಾಯಿತು ಗೊತ್ತೇ? ‘ದಿಲ್’. ಹಿಂದಿ ಸಿನಿಮಾ ಹಾಡುಗಳ ದಿಲ್, ನಮ್ಮ ಹೃದಯದ ಹತ್ತಿರದ ನೆಂಟ.

ಇನ್ನು ಸಿಗಬೇಕಿದ್ದ ಆ ‘ಶ’ ಪೂರ್ತಿ ಕಳೆದುಹೋಗಲಿಲ್ಲ ಎಂಬುದು ಬಹಳ ವಿದ್ವಾಂಸರ ಅಭಿಪ್ರಾಯ. ಶ್ರದ್ಧೆ ಎಂಬ ಪದದ ‘ಶ್ರದ್’ ಭಾಗ ಅದೇ ಹಳೆಯ ಹೃದಯ, ‘ಧಾ’ ಎಂದರೆ ಇಡು. ಹೃದಯ ಇಡುವುದೇ ಶ್ರದ್ಧೆ. ಲ್ಯಾಟಿನ್ನಿನಲ್ಲಿ ಇದರ ಜೋಡಿ ‘ಕ್ರೇದೊ’, ನಂಬುತ್ತೇನೆ ಎಂದು ಅರ್ಥ. ಕ್ರೆಡಿಟ್ ಕಾರ್ಡಿನ ‘ಕ್ರೆಡಿಟ್’ ಅಲ್ಲಿಂದಲೇ.

ಹಾಗಾದರೆ ‘ಹಾರ್ಟ್’ ಹೃದಯದಿಂದ ಹುಟ್ಟಿತೇ? ಇಲ್ಲ. ಗ್ರೀಕ್, ಲ್ಯಾಟಿನ್, ಹಿಟ್ಟೈಟ್‌ನಲ್ಲಿ ‘ಕ’ ಇದೆ, ಹಾರ್ಟ್ ಮತ್ತು ಹ್ಯೆರ್ತಾದ ‘ಹ’ ಆ ‘ಕ’ದಿಂದಲೇ ಬಂದದ್ದು. ಸಂಸ್ಕೃತದ ‘ಹೃದ್’ನಲ್ಲಿ ಆ ‘ಕ’ ಆಗಲೇ ಹೋಗಿದೆ. ಇಲ್ಲದ್ದನ್ನು ತಾಯಿ ಮಗಳಿಗೆ ಕೊಡುವುದು ಹೇಗೆ? ಸಂಸ್ಕೃತ, ಗ್ರೀಕ್, ಜರ್ಮಾನಿಕ್ ಇವು ಅಕ್ಕತಂಗಿಯರು, ತಾಯಿ ಇನ್ನೂ ಹಿಂದಿನವಳು. ಇದು ಸಂಸ್ಕೃತಕ್ಕೆ ಅವಮಾನದ ಮಾತಲ್ಲ. ಈ ಅಕ್ಕತಂಗಿಯರ ಸಂಬಂಧ ಗುರುತಿಸಲು ಯುರೋಪಿನವರಿಗೆ ಕಣ್ಣು ತೆರೆಸಿದ್ದೇ ಸಂಸ್ಕೃತ. ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯಲ್ಲಿ ಆ ಮಾತನ್ನು ಆಡಿದ್ದು ಸಂಸ್ಕೃತ ಕಲಿತ ಮೇಲೆಯೇ. ಕನ್ನಡ, ತಮಿಳು, ತೆಲುಗು ಬೇರೆಯೇ ಮನೆತನ ಎಂಬುದನ್ನು ಫ್ರಾನ್ಸಿಸ್ ಎಲ್ಲಿಸ್ ಮದರಾಸಿನಲ್ಲಿ 1816ರಲ್ಲಿ ತೋರಿಸಿದ.

ಮೂರು ತುಂಡು ಮಾಡಿದರೆ ಏನಾಗುತ್ತದೆ

ಈಗ ಫಾರ್ವರ್ಡ್‌ನ ಮುಖ್ಯ ಮಾತಿಗೆ ಬನ್ನಿ. ‘ದ’ ಎಂದರೆ ದಾನ ಎಂದಾದರೆ ಆ ‘ದ’ ಬೇರೆ ತುಂಡಾಗಿರಬೇಕು. ಆದರೆ ಕರ್ದ್, ಕಾರ್ದಿಯಾ, ಕೋರ್ದಿಸ್, ಶಿರ್ದಿಸ್ ಎಲ್ಲದರಲ್ಲೂ ಆ ‘ದ’ ಬುಡದಲ್ಲೇ ಇದೆ, ಸ್ವೀಡಿಷ್‌ನಲ್ಲಿ ಅದೇ ‘ತ’ ಆಗಿ ನಿಂತಿದೆ. ಹೃದ್ ಒಂದೇ ತುಂಡು, ಹೃ ಮತ್ತು ದ ಎಂದು ಒಡೆಯಲು ಬರುವುದಿಲ್ಲ.

‘ಯ’ದ ಗತಿ ಇನ್ನೂ ತಮಾಷೆ. ಅದನ್ನು ನೋಡಲು ಸ್ವೀಡನ್ನಿಗೆ ಹೋಗುವುದೂ ಬೇಡ, ಬಿಣಗಾದ ಮದುವೆ ಮನೆಯ ಬ್ಯಾನರ್ ಸಾಕು. ‘ಹಾರ್ದಿಕ ಶುಭಾಶಯಗಳು’ ಎಂದು ಬರೆದಿರುತ್ತಾರೆ. ಹಾರ್ದಿಕ ಎಂದರೆ ಹೃದಯದಿಂದ ಬಂದದ್ದು. ಅಲ್ಲಿ ‘ಯ’ ಎಲ್ಲಿ? ಸೌಹಾರ್ದ, ಸುಹೃದ್ ಪದಗಳಲ್ಲೂ ಇಲ್ಲ. ಸಂದೇಶದ ಲೆಕ್ಕದಲ್ಲಿ ಈ ಶುಭಾಶಯಗಳಲ್ಲಿ ರಕ್ತ ತೆಗೆದುಕೊಳ್ಳುವುದೂ ಕೊಡುವುದೂ ನಡೆಯುತ್ತದೆ, ಸುತ್ತುವುದು ಮಾತ್ರ ನಿಂತುಬಿಟ್ಟಿದೆ! ಹೃದಯದಲ್ಲಿರುವ ಆ ಕೊನೆಯ ಭಾಗ ಪದದ ಬುಡಕ್ಕೆ ಹತ್ತಿಕೊಂಡ ಪ್ರತ್ಯಯ, ಅದಕ್ಕೆ ರಕ್ತದ ಸುದ್ದಿಯೇ ಇಲ್ಲ.

ಹಾಗೆಂದು ಈ ಒಡೆಯುವಿಕೆ ವಾಟ್ಸಾಪ್‌ನಲ್ಲೇ ಹುಟ್ಟಿದ್ದಲ್ಲ. ಬೃಹದಾರಣ್ಯಕ ಉಪನಿಷತ್ತಿನ ಐದನೇ ಅಧ್ಯಾಯದಲ್ಲಿ ಹೃದಯವನ್ನು ಹೃ, ದ, ಯಂ ಎಂದು ಮೂರು ಅಕ್ಷರವಾಗಿ ನೋಡುವ ಒಂದು ಚಿಕ್ಕ ಭಾಗ ಇದೆ. ಅಲ್ಲಿನ ಅರ್ಥ ಏನೆಂದರೆ, ಇದನ್ನು ಬಲ್ಲವನಿಗೆ ತನ್ನವರೂ ಪರರೂ ಕಾಣಿಕೆ ತರುತ್ತಾರೆ, ಅವನಿಗೆ ಕೊಡುತ್ತಾರೆ, ಅವನು ಸ್ವರ್ಗಲೋಕಕ್ಕೆ ಹೋಗುತ್ತಾನೆ. ಹೃದಯವನ್ನು ಬ್ರಹ್ಮವೆಂದು ಧ್ಯಾನಿಸುವ ಸಂದರ್ಭ ಅದು. ರಕ್ತ, ನಾಳ, ಪಂಪ್ ಯಾವುದರ ಮಾತೂ ಅಲ್ಲಿಲ್ಲ. ಧ್ಯಾನಕ್ಕೆಂದು ಮಾಡಿದ ಅಕ್ಷರ ವಿವರಣೆಯನ್ನು ಯಾರೋ ಶರೀರಶಾಸ್ತ್ರದ ಪಾಠವನ್ನಾಗಿ ತಿರುಗಿಸಿದ್ದಾರೆ. ಅಕ್ಷರಕ್ಕೊಂದು ಅರ್ಥ ಕೊಡುವ ಈ ಪದ್ಧತಿ ನಮ್ಮಲ್ಲಿ ಹಳೆಯದು, ಅದಕ್ಕೆ ಅದರದೇ ಸೊಗಸಿದೆ. ‘ಗು’ ಎಂದರೆ ಕತ್ತಲೆ, ‘ರು’ ಎಂದರೆ ಅದನ್ನು ಕಳೆಯುವವನು ಎಂಬ ವಿವರಣೆ ಎಲ್ಲರಿಗೂ ಗೊತ್ತು. ಪದದ ಚರಿತ್ರೆ ಕೇಳಿದರೆ ಗುರು ಎಂದರೆ ಭಾರವಾದದ್ದು, ಗುರುತ್ವಾಕರ್ಷಣೆಯಲ್ಲಿ ಇರುವ ಗುರು, ಲ್ಯಾಟಿನ್ನಿನ ‘ಗ್ರಾವಿಸ್’ನ ನೆಂಟ. ಇಂಗ್ಲಿಷಿನವರೇನೂ ಕಮ್ಮಿ ಇಲ್ಲ. ‘ನ್ಯೂಸ್’ ಎಂದರೆ ಉತ್ತರ, ಪೂರ್ವ, ಪಶ್ಚಿಮ, ದಕ್ಷಿಣ ದಿಕ್ಕುಗಳ ಮೊದಲಕ್ಷರ ಎಂಬ ಸುಳ್ಳು ಅಲ್ಲಿಂದಲೇ ಬಂದದ್ದು. ಅದು ಬರೀ ಹೊಸತು ಎಂಬ ಪದದ ಬಹುವಚನ.

ಪ್ರಾಚೀನ ಭಾರತೀಯರಿಗೆ ಹೃದಯದ ಬಗ್ಗೆ ಏನು ಗೊತ್ತಿತ್ತು ಎಂದು ತಿಳಿಯಬೇಕಾದರೆ ನೋಡಬೇಕಾದದ್ದು ವೈದ್ಯಗ್ರಂಥಗಳನ್ನು. ಚರಕ ಸಂಹಿತೆಯಲ್ಲಿ ಹೃದಯದಿಂದ ಹೊರಡುವ ಹತ್ತು ಧಮನಿಗಳ ಮಾತು ಬರುತ್ತದೆ, ಹೃದಯವನ್ನು ಚೇತನದ ನೆಲೆ ಎಂದೂ ಹೇಳುತ್ತದೆ. ಅದು ಗಂಭೀರವಾಗಿ ಓದಬೇಕಾದ ಗ್ರಂಥ. ಆದರೆ ರಕ್ತ ಒಂದೇ ದಿಕ್ಕಿನಲ್ಲಿ ಸುತ್ತು ಹಾಕಿ ಮರಳಿ ಬರುತ್ತದೆ ಎಂಬುದಕ್ಕೆ ಬೇಕಾದದ್ದು ಪದವಲ್ಲ, ಲೆಕ್ಕ. ಹಾರ್ವೆ ಮಾಡಿದ್ದು ಅದನ್ನೇ. ಇಂದಿನ ಅಂಕಿಗಳಲ್ಲಿ ಹೇಳುವುದಾದರೆ, ವಿಶ್ರಾಂತಿಯಲ್ಲಿರುವ ವಯಸ್ಕರ ಹೃದಯ ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರ್ ರಕ್ತ ತಳ್ಳುತ್ತದೆ. ನಿಮಿಷಕ್ಕೆ 70 ಬಡಿತ ಎಂದರೆ ಸುಮಾರು 5 ಲೀಟರ್, ಗಂಟೆಗೆ 300 ಲೀಟರ್. ದೇಹದಲ್ಲಿರುವ ಒಟ್ಟು ರಕ್ತವೇ ಸುಮಾರು 5 ಲೀಟರ್. ಗಂಟೆಗೆ 300 ಲೀಟರ್ ಹೊಸ ರಕ್ತ ಊಟದಿಂದ ಹುಟ್ಟಲಾರದು. ಇದ್ದದ್ದೇ ಸುತ್ತುತ್ತಿರಬೇಕು. ಹೃದಯದಿಂದ ಶ್ವಾಸಕೋಶದ ಮೂಲಕ ಹಾದು ಬರುವ ಸುತ್ತನ್ನು ಅರಬ್ ವೈದ್ಯ ಇಬ್ನ್ ಅಲ್-ನಫೀಸ್ ಹದಿಮೂರನೇ ಶತಮಾನದಲ್ಲೇ ವಿವರಿಸಿದ್ದ. ಅಪಧಮನಿ ಮತ್ತು ಅಭಿಧಮನಿಗಳನ್ನು ಸೇರಿಸುವ ಸೂಕ್ಷ್ಮ ನಾಳಗಳನ್ನು ಮಾಲ್ಪಿಗಿ ಸೂಕ್ಷ್ಮದರ್ಶಕದಲ್ಲಿ ಕಂಡದ್ದು 1661ರಲ್ಲಿ, ಹಾರ್ವೆ ತೀರಿಕೊಂಡ ಮೇಲೆ.

ಎದೆ, ಗುಂಡಿಗೆ, ಕಾಳೀಜ

ಬಿಣಗಾದ ಎರಡು ಮನೆಗಳಿಗೆ ಹಿಂತಿರುಗೋಣ. ಕೊಂಕಣಿಯ ‘ಹರ್ದೆಂ’ ಹೃದಯದ ಕಡೆಯಿಂದಲೇ ಬಂದ ಪದ, ಸ್ವೀಡನ್ನಿನ ಯೆಟ್ಟಾಕ್ಕೆ ದೂರದ ದಾಯಾದಿ. ಆದರೆ ಅದರ ಅರ್ಥ ಈಗ ಹೃದಯ ಅಲ್ಲ, ಎದೆ. ಒಳಗಿನ ಅಂಗದ ಹೆಸರು ಹೊರಗಿನ ಗೂಡಿಗೆ ಸರಿದಿದೆ. ಹೃದಯಕ್ಕೆ ಕೊಂಕಣಿಯಲ್ಲಿ ‘ಕಾಳೀಜ’. ಅದೇ ಮೂಲದ ಹಿಂದಿಯ ‘ಕಲೇಜಾ’ ಯಕೃತ್ತಿಗೂ ನಡೆಯುತ್ತದೆ, ಹೋಟೆಲಿನ ಮೆನುವಿನಲ್ಲಿ ‘ಕಲೇಜಿ’ ಎಂದರೆ ಲಿವರ್ ಮಾತ್ರ. ಪರ್ಷಿಯನ್ನಿನ ‘ಜಿಗರ್’ ಕೂಡ ಯಕೃತ್ತೇ. ಯಕೃತ್ ಮತ್ತು ಜಿಗರ್ ಒಂದೇ ಮೂಲದವು, ಹೆಪಟೈಟಿಸ್‌ನಲ್ಲಿರುವ ಗ್ರೀಕ್ ‘ಹೇಪರ್’ ಕೂಡ. ಆದರೆ ಜಿಗರ್‌ದೋಸ್ತ್ ಎಂದಾಗ ಯಾರೂ ಲಿವರಿನ ಗೆಳೆಯ ಎಂದು ತಿಳಿಯುವುದಿಲ್ಲ. ಧೈರ್ಯ, ಪ್ರೀತಿ, ನೋವು ಇವುಗಳ ಮನೆ ಯಾವ ಅಂಗ ಎಂಬುದರಲ್ಲಿ ಭಾಷೆಗಳು ಒಂದು ಅಂಗದಿಂದ ಇನ್ನೊಂದಕ್ಕೆ ಸಲೀಸಾಗಿ ಹೋಗುತ್ತವೆ.

ಕನ್ನಡದಲ್ಲಿ ‘ಹೃದಯ’ ಸಂಸ್ಕೃತದಿಂದ ಇದ್ದ ಹಾಗೆಯೇ ಎತ್ತಿಕೊಂಡ ಪದ. ಎತ್ತಿಕೊಂಡದ್ದು ಬೇರೆ, ಬಳುವಳಿಯಾಗಿ ಬಂದದ್ದು ಬೇರೆ. ಕೊಂಕಣಿಗೆ ಹರ್ದೆಂ ಬಳುವಳಿ. ನಮ್ಮದೇ ಆದದ್ದು ಗುಂಡಿಗೆ, ತೆಲುಗಿನ ‘ಗುಂಡೆ’ ಅದರ ಜೊತೆಗಾರ. ಗಟ್ಟಿ ಗುಂಡಿಗೆ ಎನ್ನುವಾಗ ಮಾತ್ರ ಈಗ ಅದು ನೆನಪಾಗುತ್ತದೆ. ‘ಎದೆ’ಯ ಕಥೆ ಸ್ವಲ್ಪ ತೊಡಕಿನದು. ಹಳಗನ್ನಡದಲ್ಲಿ ಅದು ‘ಎರ್ದೆ’. ಶಾಲೆಯ ತತ್ಸಮ-ತದ್ಭವ ಪಟ್ಟಿಗಳಲ್ಲಿ ಹೃದಯದ ಎದುರು ಎದೆಯನ್ನು ಬರೆದಿರುತ್ತಾರೆ. ಆ ಪಟ್ಟಿಯನ್ನು ಒಪ್ಪಿದರೆ, ಎದೆ ಕೂಡ ಬಹಳ ಹಿಂದೆ ಸಾಲವಾಗಿ ಬಂದು ಸವೆದು ನಮ್ಮದೇ ಆದ ಪದ. ಆಗ ಎದೆಯೂ ಹರ್ದೆಂ ಕೂಡ ಬೇಲಿಯ ಎರಡು ಬದಿಯಲ್ಲಿ ಒಂದೇ ಬೀಜದ ಎರಡು ಗಿಡ. ಅರ್ಥವಂತೂ ಎರಡಕ್ಕೂ ಹಾಗೆಯೇ ಗೂಡಿನ ಕಡೆಗೆ ಸರಿದಿದೆ.

ಇದು ಪದಕೋಶದ ಆಟ ಮಾತ್ರ ಅಲ್ಲ. ಕಾರವಾರದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಬರುವ ರೋಗಿ ಕೊಂಕಣಿಯವರಿರಬಹುದು, ಹಾಲಕ್ಕಿ ಕನ್ನಡದವರಿರಬಹುದು. ಎದುರಿಗಿರುವ ಯುವ ವೈದ್ಯರು ಕಲಬುರಗಿಯವರೋ ರಾಜಸ್ಥಾನದವರೋ ಇರಬಹುದು. ಹರ್ದೆಂ ಎಂದರೆ ಹಿಂದಿ ಬಲ್ಲವರಿಗೆ ಹೃದಯ ಎಂದು ಕೇಳಬಹುದು, ಕಾಳೀಜ ಎಂದರೆ ಲಿವರ್ ಎಂದು ಕೇಳಬಹುದು. ಕನ್ನಡದಲ್ಲೇ ‘ಕೈ ನೋವು’ ಎಂದರೆ ಭುಜದಿಂದ ಬೆರಳ ತುದಿಯವರೆಗೆ ಎಲ್ಲಿ ಬೇಕಾದರೂ ಆಗಬಹುದು, ಏಕೆಂದರೆ ನಮ್ಮ ‘ಕೈ’ ಅಷ್ಟೂ ಉದ್ದಕ್ಕೆ ಸಲ್ಲುವ ಪದ. ಹೃದಯಾಘಾತದಲ್ಲಿ ನೋವು ಎದೆಯ ನಡುವಿನಿಂದ ಎಡಗೈಗೆ, ಭುಜಕ್ಕೆ, ದವಡೆಗೆ, ಬೆನ್ನಿಗೆ ಹರಡಬಹುದು. ಹಾಗಾಗಿ ಎಲ್ಲಿ ಶುರುವಾಯಿತು, ಎಲ್ಲಿಯವರೆಗೆ ಹೋಯಿತು ಎಂಬುದನ್ನು ಹೆಸರು ಹೇಳಿ ನಿಲ್ಲಿಸಬೇಡಿ, ಬೆರಳಿಟ್ಟು ತೋರಿಸಿ.

‘ಎದೆಯುರಿ’ ಇನ್ನೊಂದು ಮೋಸದ ಪದ. ಹೆಸರಿನಲ್ಲಿ ಎದೆ ಇದ್ದರೂ ಅದು ಹೊಟ್ಟೆಯ ಆಮ್ಲ ಮೇಲಕ್ಕೆ, ಅನ್ನನಾಳಕ್ಕೆ ಬರುವುದರಿಂದ ಆಗುವ ಉರಿ. ಇಂಗ್ಲಿಷಿನವರೂ ಅದಕ್ಕೆ ಹೃದಯದ ಹೆಸರನ್ನೇ ಹಚ್ಚಿದ್ದಾರೆ. ಸ್ವೀಡನ್ನಿನವರು ಮಾತ್ರ ‘ಹಾಲ್ಸ್‌ಬ್ರೆನ್ನಾ’ ಎನ್ನುತ್ತಾರೆ, ಅಂದರೆ ಗಂಟಲುರಿ. ಅಪಾಯ ಇರುವುದು ತಿರುಗುಮುರುಗಾದಾಗ. ಹೃದಯದ ನೋವನ್ನೇ ಎದೆಯುರಿ, ಗ್ಯಾಸ್ ಎಂದುಕೊಂಡು ಸೋಡಾ ಕುಡಿದು ಮಲಗುವವರಿದ್ದಾರೆ. ಎದೆಯ ಮೇಲೆ ಭಾರ ಇಟ್ಟಂತೆ ಒತ್ತುವ ನೋವು, ತಣ್ಣನೆ ಬೆವರು, ಉಸಿರು ಕಟ್ಟುವುದು, ವಾಕರಿಕೆ ಕಂಡರೆ, ಅದರಲ್ಲೂ ಸಕ್ಕರೆ ಕಾಯಿಲೆ ಅಥವಾ ರಕ್ತದೊತ್ತಡ ಇರುವವರಿಗೆ, ಅದು ಗ್ಯಾಸ್ ಹೌದೋ ಅಲ್ಲವೋ ಎಂಬುದನ್ನು ಇಸಿಜಿ ಹೇಳಲಿ. ಹೃದಯದ ದೊಡ್ಡ ಚಿಕಿತ್ಸೆಗೆ ಈ ಜಿಲ್ಲೆಯ ಜನ ಗೋವಾ, ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಎಂದು ದೂರ ಹೋಗುವುದು ಇಂದಿಗೂ ತಪ್ಪಿಲ್ಲ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಇಲ್ಲಿನವರು ಅದೇ ಫೋನುಗಳಲ್ಲಿ ಅಭಿಯಾನ ನಡೆಸಿದ್ದೂ ಇದಕ್ಕಾಗಿಯೇ. ದಾರಿಯೇ ಅಷ್ಟು ಉದ್ದ ಇರುವಾಗ ಮನೆಯಲ್ಲಿ ಕಾದು ನೋಡುವ ಅರ್ಧ ಗಂಟೆ ಬಹಳ ದುಬಾರಿ. 108ಕ್ಕೆ ಕರೆ ಮಾಡಿ, ಹತ್ತಿರದ ಆಸ್ಪತ್ರೆಯಲ್ಲಿ ಮೊದಲ ಇಸಿಜಿ ಮಾಡಿಸಿ, ಆ ಕಾಗದವನ್ನು ಮುಂದಿನ ಆಸ್ಪತ್ರೆಗೆ ಜೊತೆಯಲ್ಲೇ ಒಯ್ಯಿರಿ.